ಹೊಡೆದುಹಾಕಿದ ಮೂರು ವಾಕ್ಯ

ಧರ್ಣಪ್ಪನಿಗೆ ಬೆಳಿಗ್ಗೆಯಿಂದ ತನ್ನ ಕೈಚೀಲ ಭಾರವಾಗಿದೆ ಎನಿಸುತ್ತಿತ್ತು. ಅದರಲ್ಲಿದ್ದದ್ದು ಒಂದು ಕೊಡೆ, ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಒಂದೇ ಒಂದು ಹಾಳೆ. ಹಾಳೆಯ ತೂಕ ಎಷ್ಟಿದ್ದೀತು? ನಾಲ್ಕು ಗ್ರಾಂ, ಹೆಚ್ಚೆಂದರೆ ಐದು. ಮೂವತ್ತಮೂರು ವರ್ಷ ಮೂಡುಬಿದಿರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ, ಗಾಜಿನ ಪೆಟ್ಟಿಗೆಯ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತವನಿಗೆ ಐದು ಗ್ರಾಂ ಎಂದರೆ ಎಷ್ಟು ಎಂಬುದು ಬೆರಳ ತುದಿಗೇ ಗೊತ್ತು. ಆದರೂ ಚೀಲವನ್ನು ಬಲ ಹೆಗಲಿನಿಂದ ಎಡಕ್ಕೆ, ಎಡದಿಂದ ಕೈಗೆ ಬದಲಾಯಿಸುತ್ತಲೇ ಇದ್ದ. ಗೇಟಿನ ಚಿಲಕ ಹಾಕಿ ಹತ್ತು ಹೆಜ್ಜೆ ಹೋದವನು ವಾಪಸು ಬಂದು ಹಾಕಿದೆನೋ ಇಲ್ಲವೋ ಎಂದು ಮುಟ್ಟಿ ನೋಡಿದ.

"ಎಂಥ ಮರೆತದ್ದು ಪುನಃ?" ಎಂದು ಹೆಂಡತಿ ಪ್ರಫುಲ್ಲಾ ಒಳಗಿನಿಂದ ಕೇಳಿದಳು.

"ಏನಿಲ್ಲ."

"ಏನಿಲ್ಲದವರು ಮೂರು ಸಲ ಯಾಕೆ ವಾಪಸು ಬರುವುದು? ನಾಲ್ಕು ಗಂಟೆಗೆ ಬೆಳ್ತಂಗಡಿಗೆ ಹೊರಡಬೇಕು, ನೆನಪುಂಟಲ್ಲ. ನನ್ನ ತಮ್ಮನ ಮಗಳು ಸಾತ್ವಿಕಾಳ ನಿಶ್ಚಿತಾರ್ಥದ ಮನೆಯಲ್ಲಿ ನಾನೊಬ್ಬಳೇ ಹೋಗಿ ಕೂತರೆ ಎಲ್ಲರೂ ಕೇಳ್ತಾರೆ. ನೀವು ಆ ಕಲ್ಲಿನ ಹತ್ತಿರ ಅಕ್ಷರ ಎಣಿಸಿಕೊಂಡು ಕೂತುಬಿಟ್ಟೀರಿ."

ಬರುತ್ತೇನೆ ಎಂದ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಜನವರಿಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ತೋಡಾರಿನಲ್ಲಿ ಸಂದೇಶ್ ಎಂಬ ಕಲ್ಲುಕೆಲಸದವನ ಕೊಟ್ಟಿಗೆ ಇದೆ. ಅಲ್ಲಿ ಕಾರ್ಕಳದ ಕಪ್ಪು ಕಲ್ಲಿನ ಮೇಲೆ, ಪಾಣೆಮಂಗಳೂರಿನ ಹಳೆ ಸೇತುವೆಯ ಹತ್ತಿರ ನಿಲ್ಲಿಸಲಿಕ್ಕೆಂದು, ಆ ಊರಿನ ಸುತ್ತಮುತ್ತ ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಿದವರ ಹೆಸರುಗಳನ್ನು ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಧರ್ಣಪ್ಪ ನೋಡಿ ಸರಿ ಎಂದರೆ ಮಧ್ಯಾಹ್ನದ ಊಟ ಮುಗಿಸಿ ಸಂದೇಶ್ ಉಳಿ ಹಿಡಿಯುತ್ತಾನೆ. ಇಪ್ಪತ್ತಾರನೇ ತಾರೀಕಿಗೆ ಅನಾವರಣ. ಒಮ್ಮೆ ಕಡೆದ ಅಕ್ಷರವನ್ನು ಯಾರೂ ತಿದ್ದುವುದಿಲ್ಲ. ಸಮಿತಿಯ ಅಧ್ಯಕ್ಷ, ಬಿ.ಸಿ. ರೋಡಿನಲ್ಲಿ ಹೋಟೆಲ್ ಇಟ್ಟ ಧನರಾಜ್, ಪಟ್ಟಿ ಪರಿಶೀಲಿಸುವ ಕೆಲಸವನ್ನು ಧರ್ಣಪ್ಪನಿಗೆ ಒಪ್ಪಿಸುವಾಗ, "ಪ್ರೊಫೆಸರ್ ಒಂದು ಸೊನ್ನೆ ಕೂಡ ಆಚೀಚೆ ಬಿಡುವವರಲ್ಲ" ಎಂದಿದ್ದ. ಅದು ಹೊಗಳಿಕೆ ಎಂದೇ ಆಗ ತೆಗೆದುಕೊಂಡಿದ್ದ. ಧರ್ಣಪ್ಪನೇ ಒಂದು ನಿಯಮವನ್ನೂ ಮಾಡಿದ್ದ: ಕಾಗದದ ಪುರಾವೆ ಇಲ್ಲದ ಹೆಸರು ಕಲ್ಲಿಗೆ ಹೋಗಬಾರದು. ಜೈಲಿನ ಪ್ರಮಾಣಪತ್ರ, ಪಿಂಚಣಿಯ ಕಡತ, ತಾಮ್ರಪತ್ರ, ಇವುಗಳಲ್ಲಿ ಒಂದಾದರೂ ಬೇಕು. ಹಾಗೆ ಮೂವತ್ತೊಂದು ಹೆಸರುಗಳಲ್ಲಿ ಹದಿಮೂರು ಉಳಿದವು. ಮೊದಲನೆಯದು ಅವನ ಸ್ವಂತ ಸೋದರಮಾವ, ನರಿಕೊಂಬಿನ ಅಣ್ಣು ಅವರದು. ಉಳಿಯದೆ ಹೋದವುಗಳಲ್ಲಿ ಒಂದು ದೋಣಿಯ ಇಬ್ರಾಹಿಂ ಅವರದು.

ಆ ಹೆಸರನ್ನು ತಂದವನು ಇಬ್ರಾಹಿಮರ ಮಗಳ ಮಗ ಅಬೂಬಕ್ಕರ್. ಸೆಪ್ಟೆಂಬರಿನ ಸಭೆಗೆ ಅವನು ತನ್ನ ಹಗ್ಗ-ಬಲೆಯ ಅಂಗಡಿಯನ್ನು ಅರ್ಧ ಬಾಗಿಲು ಹಾಕಿ ಬಂದಿದ್ದ, ಅಂಗಿಗೆ ನೈಲಾನಿನ ಎಳೆಗಳು ಅಂಟಿಕೊಂಡಿದ್ದವು. ಬಂದವನು ಹಿಂದಿನ ಸಾಲಿನಲ್ಲಿ ನಿಂತೇ ಮಾತಾಡಿದ, ಕುರ್ಚಿ ಖಾಲಿಯಿತ್ತು, ಯಾರೂ ಕೂತುಕೋ ಎನ್ನಲಿಲ್ಲ. "ಸರ್, ನನ್ನ ಅಜ್ಜ ನಿಮ್ಮ ಮಾವನನ್ನು ಅಡಗಿಸಿ ಇಟ್ಟದ್ದು. ಪೋಲೀಸರು ಹೊಡೆದು ಅವರ ಒಂದು ಕಿವಿ ಹೋಯಿತು. ಹೆಸರು ಹಾಕಬಹುದಾ?" ಧರ್ಣಪ್ಪ ಕನ್ನಡಕ ಸರಿಮಾಡಿಕೊಂಡು ದಾಖಲೆ ಉಂಟಾ ಎಂದ. "ದಾಖಲೆ ಇಲ್ಲ. ನನ್ನ ಉಮ್ಮ ಇದ್ದಾರೆ, ಅಜ್ಜನ ಮಗಳು. ಆಗ ಎಂಟು ವರ್ಷ. ಅವರು ಹೇಳ್ತಾರೆ." ಬಾಯಿಮಾತು ಸಾಕಾಗುವುದಿಲ್ಲ ಎಂದು ಧರ್ಣಪ್ಪ ಹೇಳುವುದಕ್ಕೂ ಧನರಾಜ್, "ಹಾಗೆ ನೋಡಿದರೆ ನನ್ನ ಅಜ್ಜಿಯೂ ದಿನಾ ಬ್ರಿಟಿಷರಿಗೆ ಬೈತಿದ್ದರು ಮಾರಾಯ, ಅವರ ಹೆಸರೂ ಹಾಕುವ!" ಎನ್ನುವುದಕ್ಕೂ ಸರಿಹೋಯಿತು. ಎಲ್ಲರೂ ನಕ್ಕರು. ಧರ್ಣಪ್ಪನೂ ನಕ್ಕ. ಶಬ್ದ ಬರುವ ನಗೆಯಲ್ಲ, ಮೂಗಿನಿಂದ ಗಾಳಿ ಹೊರಗೆ ಹೋದಂಥದ್ದು, ಆದರೆ ಅಬೂಬಕ್ಕರ್ ನೋಡುತ್ತಿದ್ದದ್ದು ಅವನ ಮುಖವನ್ನೇ. "ಆಯ್ತು ಸರ್" ಎಂದು ಹೊರಟುಹೋದ.

ಅದೇ ಮುಖ, ಅದೇ "ಆಯ್ತು ಸರ್". ಎಂಬತ್ತೊಂಬತ್ತರಲ್ಲಿ ಪಿಯುಸಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಲವಣ ವಿಶ್ಲೇಷಣೆಗೆ ಕೊಟ್ಟ ಬಿಳಿ ಪುಡಿಯ ಕಾಗದವನ್ನು ಬಿಚ್ಚುತ್ತಲೇ, ಆಗ ತನ್ನ ವಿದ್ಯಾರ್ಥಿಯಾಗಿದ್ದ ಹುಡುಗ ಅಬೂಬಕ್ಕರ್ ಅಮೋನಿಯಂ ಕಾರ್ಬೊನೇಟ್ ಎಂದು ಬರೆದಿಟ್ಟಿದ್ದ. ಉತ್ತರ ಸರಿ. ಆದರೆ ಪ್ರಯೋಗ, ವೀಕ್ಷಣೆ, ನಿರ್ಣಯ ಎಂಬ ಮೂರು ಕಲಂಗಳು ಖಾಲಿ. ಹೇಗೆ ಗೊತ್ತಾಯಿತು ಎಂದರೆ "ವಾಸನೆ ಬಂತು ಸರ್" ಎಂದ. ವಾಸನೆಗೆ ಅಂಕ ಇಲ್ಲ ಎಂದಿದ್ದ ಧರ್ಣಪ್ಪ, ಪಕ್ಕದ ಹುಡುಗಿಯರು ಕಿಸಕ್ಕೆಂದದ್ದು ಇಷ್ಟವಾಗಿ, ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಹೇಳಿದ್ದ. ಎರಡು ಸಲವೂ ನಿಯಮದ ಪ್ರಕಾರ ತಾನು ಸರಿ. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ತೋಡಾರು ಎನ್ನುವ ಬದಲು ಧರ್ಣಪ್ಪ "ಪಾಣೆಮಂಗಳೂರು" ಎಂದುಬಿಟ್ಟ. "ಈ ಬಸ್ಸು ಅಲ್ಲಿಗೆ ಹೋಗುವುದಿಲ್ಲ ಮಾಷ್ಟ್ರೇ, ಎಲ್ಲಿ ಕನಸು ಕಾಣ್ತಿದ್ದೀರಿ" ಎಂದು ಕಂಡಕ್ಟರ್ ನಕ್ಕ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

ಸಂದೇಶನ ಕೊಟ್ಟಿಗೆಯ ತುಂಬ ಬಿಳಿ ಧೂಳು. ತಗಡಿನ ಮಾಡಿನ ಕೆಳಗೆ ನಾಗನ ಕಲ್ಲುಗಳು, ಅರ್ಧ ಆದ ತುಳಸಿಕಟ್ಟೆ, ಮಧ್ಯೆ ಎರಡು ಮರದ ದಿಮ್ಮಿಗಳ ಮೇಲೆ ಮಲಗಿಸಿದ ಕರಿಯ ಹಾಸುಗಲ್ಲು. ಸಂದೇಶ್ ಮುಖಕ್ಕೆ ಕಟ್ಟಿದ ಬೈರಾಸು ಬಿಚ್ಚಿ, "ನೋಡಿ ಸರ್, ನಿಮ್ಮ ಕಾಗದದಲ್ಲಿ ಹೇಗುಂಟೋ ಹಾಗೇ. ತಪ್ಪಿದ್ದರೆ ಈಗಲೇ ಹೇಳಿ. ಬಣ್ಣ ಆದರೆ ಸೀಮೆಎಣ್ಣೆಯಲ್ಲಿ ಹೋಗ್ತದೆ. ಉಳಿ ಬಿದ್ದ ಮೇಲೆ ದೇವರು ಬಂದರೂ ಆಗ್ಲಿಕ್ಕಿಲ್ಲ" ಎಂದ.

ಧರ್ಣಪ್ಪ ಬಗ್ಗಿ ಒಂದೊಂದೇ ಹೆಸರನ್ನು ಬೆರಳು ಮುಟ್ಟಿಸದೆ ಓದಿದ. ಅಣ್ಣು, ನರಿಕೊಂಬು, ಆರು ತಿಂಗಳು, ಕಣ್ಣಾನೂರು ಜೈಲು. ಮಾವನ ಹೆಸರು ಇಷ್ಟು ದೊಡ್ಡದಾಗಿ ಎಲ್ಲಿಯೂ ಬರೆದದ್ದನ್ನು ಅವನು ನೋಡಿರಲಿಲ್ಲ. ಎಪ್ಪತ್ತೆರಡರಲ್ಲಿ, ಸರಕಾರ ಹೋರಾಟಗಾರರಿಗೆ ಪಿಂಚಣಿ ಕೊಡುತ್ತದೆಂದು ಸುದ್ದಿಯಾದಾಗ, ಮಾವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಿಎಸ್ಸಿ ಮೊದಲನೇ ವರ್ಷದಲ್ಲಿದ್ದ ಧರ್ಣಪ್ಪ ದಸರಾ ರಜೆಗೆ ನರಿಕೊಂಬಿಗೆ ಬಂದವನು ಅರ್ಜಿ ಬರೆಯಲು ಕೂತಿದ್ದ. ಮಾವ ಚಾವಡಿಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳುತ್ತಿದ್ದರು, ಇವನು ಮೊದಲು ಒಂದು ಬಿಳಿ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ. ಬಂಟ್ವಾಳದ ಹತ್ತಿರ ಟೆಲಿಗ್ರಾಫಿನ ತಂತಿ ಕತ್ತರಿಸಿದ್ದು. ಹೆಗಲ ಮೇಲೆ ಇನ್ನೊಬ್ಬನನ್ನು ನಿಲ್ಲಿಸಿಕೊಂಡದ್ದು. ತಂತಿ ಕಡಿದಾಗ ಅದು ಹಾವಿನಂತೆ ಸುತ್ತಿಕೊಂಡು ಕೆನ್ನೆಗೆ ಬಡಿದದ್ದು. ಆಮೇಲೆ ಮಾವ ನಿಂತು, ಎರಡು ಸಲ ಕೆಮ್ಮಿ, ನಿಧಾನವಾಗಿ ಮೂರು ವಾಕ್ಯ ಹೇಳಿದ್ದರು. ಅರ್ಜಿಯ ನಮೂನೆಯಲ್ಲಿ "ಭಾಗವಹಿಸಿದ ವಿವರ" ಎಂಬಲ್ಲಿ ಐದೇ ಗೀಟುಗಳಿದ್ದವು. ಇಷ್ಟು ಹಿಡಿಸುವುದಿಲ್ಲ. ಧರ್ಣಪ್ಪನಿಗೆ ಹದಿನೆಂಟು ವರ್ಷ, ಪ್ರಯೋಗಶಾಲೆಯ ರೆಕಾರ್ಡು ಪುಸ್ತಕಕ್ಕೆ ಇಡೀ ತರಗತಿಯಲ್ಲಿ ಅವನಿಗೇ ಹೆಚ್ಚು ಅಂಕ, ಅನವಶ್ಯಕ ಪದ ಬರೆಯಬಾರದು ಎಂದು ಅವನಿಗೆ ಹೊಸದಾಗಿ ಗೊತ್ತಾಗಿತ್ತು. ಅರ್ಜಿ ಮಾವನದ್ದು. ಇನ್ನೊಬ್ಬರು ಮಾಡಿದ್ದು ಇಲ್ಲಿಗೆ ಸಂಬಂಧವಿಲ್ಲ. ಅಡಗಿಕೂತಿದ್ದೆ ಎಂದರೆ ಅಧಿಕಾರಿಗಳು ಬೇರೆ ಅರ್ಥ ಮಾಡಲೂಬಹುದು. ಮರದ ಸ್ಕೇಲು ಇಟ್ಟು, ಆ ಮೂರು ವಾಕ್ಯಗಳ ಮೇಲೆ ನೇರವಾಗಿ ಮೂರು ಗೀಟು ಎಳೆದು, ಉಳಿದದ್ದನ್ನು ನಮೂನೆಗೆ ಇಳಿಸಿದ. ಐದು ಸಾಲಿಗೆ ಸರಿಯಾಗಿ ಹಿಡಿಸಿತು. "ಎಲ್ಲ ಉಂಟಲ್ಲ ಮಗಾ?" ಎಂದು ಕೇಳಿದ ಮಾವ, ಕಾಗದವನ್ನು ಮೂಗಿನ ಹತ್ತಿರ ತಂದರು, ಕಾಣಿಸಲಿಲ್ಲವೇನೋ, ದೂರ ಹಿಡಿದರು. "ಉಂಟು ಮಾವ" ಎಂದ. ಅವರು ರುಜು ಹಾಕಬೇಕಾದ ಜಾಗದಲ್ಲಿ ಇವನೇ ಅವರ ಬೆರಳನ್ನು ಹಿಡಿದು ಇಟ್ಟ.

ಅದನ್ನು ಐವತ್ತು ವರ್ಷ ಮರೆತೇ ಇದ್ದ. ಮರೆತದ್ದು ನಿಜ, ಅಷ್ಟನ್ನು ತನ್ನ ಪರವಾಗಿ ಹೇಳಿಕೊಳ್ಳಬಹುದು ಎಂದು ಈ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಅಂದುಕೊಂಡಿದ್ದಾನೋ. ಆದರೆ ಸೆಪ್ಟೆಂಬರಿನ ಆ ಸಭೆಯ ಹಿಂದಿನ ದಿನ, ಶನಿವಾರ, ಮಾವನ ತಾಮ್ರಪತ್ರಕ್ಕಾಗಿ ಟ್ರಂಕು ಜಾಲಾಡುವಾಗ, ಹಾಳೆ ಕೈಗೆ ಸಿಕ್ಕಿತ್ತು. ತನ್ನದೇ ಅಕ್ಷರ, ತನ್ನದೇ ನೇರ ಗೀಟು. ಭಾನುವಾರ ಅದೇ ಬಾಯಿಯಿಂದ ದಾಖಲೆ ಉಂಟಾ ಎಂದು ಕೇಳಿದ. ಹೊಡೆದುಹಾಕಿದ ವಾಕ್ಯವನ್ನು ದಾಖಲೆ ಎನ್ನಲಾಗುವುದಿಲ್ಲ ಎಂದು ಆ ರಾತ್ರಿಯೇ ತರ್ಕ ಮಾಡಿಕೊಂಡಿದ್ದ. ಬರೆದವನೇ ಹಿಂತೆಗೆದುಕೊಂಡದ್ದು ಅದು. ಆದರೆ ಹೇಳಿದವರು ಹಿಂತೆಗೆದುಕೊಂಡಿರಲಿಲ್ಲ. ಪೆಟ್ಟು ತಿಂದೂ ಬಾಯಿ ಬಿಡದ ಮನುಷ್ಯನ ಹೇಳಿಕೆ ಯಾವ ಠಾಣೆಯ ಕಡತದಲ್ಲಿ ಇರುತ್ತದೆ? ಅವನ ಬಗ್ಗೆ ಈ ಭೂಮಿಯ ಮೇಲೆ ಇರಬಹುದಾಗಿದ್ದ ಒಂದೇ ಒಂದು ಸರಕಾರಿ ಕಾಗದವನ್ನು ಇಲ್ಲದಂತೆ ಮಾಡಿ, ಅದು ಇಲ್ಲವೆಂದು ಅವನ ಮೊಮ್ಮಗನಿಗೆ ಹೇಳಿದವನು ತಾನು.

"ಸರ್, ಕೊನೆಯ ಸಾಲು ಓದಿದಿರಾ?" ಎಂದ ಸಂದೇಶ್.

ಹದಿಮೂರು ಹೆಸರುಗಳ ಕೆಳಗೆ, ಹೂಬಳ್ಳಿಯ ಅಂಚಿನಿಂದ ಹೊರಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಪರಿಶೀಲಿಸಿದವರು: ಪ್ರೊ. ಧರ್ಣಪ್ಪ.

"ಧನರಾಜಣ್ಣ ನಿನ್ನೆ ಫೋನ್ ಮಾಡಿ ಹಾಕಿಸಿದ್ದು. ನಿಮಗೆ ಹೇಳ್ಬಾರದು, ಖುಷಿಯಾಗಲಿ ಅಂತ."

ಖುಷಿಯಾಯಿತು. ಅದೇ ಅವನನ್ನು ಹೆದರಿಸಿದ್ದು. ಎದೆಯಲ್ಲಿ ಬಿಸಿನೀರು ಸುರಿದಂತೆ ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು. ಆಮೇಲೆ ಒಂದು ಉಪಾಯ ಹೊಳೆಯಿತು, ಎಷ್ಟು ಸುಲಭ ಎನಿಸಿತು: ಈ ಸಾಲನ್ನು ಅಳಿಸಿ ಅಲ್ಲಿ ಇಬ್ರಾಹಿಂ ಎಂದು ಬರೆಸಿದರಾಯಿತು. ತನ್ನ ಹೆಸರು ಬಿಟ್ಟುಕೊಟ್ಟಂತೆಯೂ ಆಯಿತು, ಯಾರಿಗೂ ಏನೂ ಹೇಳಬೇಕಾಗಿಯೂ ಇಲ್ಲ. ಸಂದೇಶನಿಗೆ ಹೇಳಲು ಬಾಯಿ ತೆರೆದವನು ಆ ಸಣ್ಣ ಅಕ್ಷರವನ್ನು, ಅಂಚಿನ ಹೊರಗಿನ ಜಾಗವನ್ನು ಇನ್ನೊಮ್ಮೆ ನೋಡಿದ. ನರಿಕೊಂಬಿನ ಮನೆಯಲ್ಲಿ ಹೊಸಕ್ಕಿ ಊಟದ ದಿನ ಇಬ್ರಾಹಿಂ ಬರುತ್ತಿದ್ದರು. ಎಲ್ಲರಿಗೂ ಒಳಗೆ ಎಲೆ, ಅವರಿಗೆ ಹೊರಗಿನ ಜಗಲಿಯ ತುದಿಯಲ್ಲಿ. ಉಂಡಾದ ಮೇಲೆ ಅವರೇ ಎಲೆ ಎತ್ತಿ, ಕೂತ ಜಾಗಕ್ಕೆ ನೀರು ಹಾಕಿ ಒರೆಸಿ ಹೋಗುವುದು. ಅಣ್ಣು ಮಾವ ಅದೊಂದು ದಿನ ತನ್ನ ಮಣೆಯನ್ನು ತಾನೇ ಎತ್ತಿಕೊಂಡು ಹೊರಗೆ ಹೋಗಿ ಅವರೆದುರು ಕೂತು, ಅವರ ಕೇಳುವ ಕಿವಿಯ ಕಡೆಗೆ ಬಾಗಿ ಗಟ್ಟಿಯಾಗಿ ಮಾತಾಡುತ್ತ ಉಣ್ಣುತ್ತಿದ್ದರು. ಕಾಲೇಜಿನ ಗೆಳೆಯನೊಬ್ಬ ಬಂದಿದ್ದ ವರ್ಷ ಧರ್ಣಪ್ಪನಿಗೆ ಅದನ್ನು ನೋಡಿ ನಾಚಿಕೆಯಾಗಿತ್ತು. ಯಾರ ಬಗ್ಗೆ ನಾಚಿಕೆ ಎಂದು ಆಗ ವಿಚಾರಿಸಿಕೊಂಡಿರಲಿಲ್ಲ.

"ಸಂದೇಶ್, ಒಂದು ಹೆಸರು ಸೇರಿಸಬೇಕು. ಒಳಗೆ. ಇದೇ ಅಳತೆಯಲ್ಲಿ."

"ಒಳಗೆ ಎಲ್ಲಿ ಸರ್ ಜಾಗ? ಹದಿಮೂರಕ್ಕೆ ಅಳತೆ ಹಾಕಿ ಗೀಟು ಎಳೆದದ್ದು. ಸೇರಿಸಬೇಕಾದರೆ ಎಲ್ಲ ಅಳಿಸಿ ಮೊದಲಿಂದ ಬರೀಬೇಕು. ಎರಡು ದಿನದ ಕೆಲಸ. ಧನರಾಜಣ್ಣ ನನ್ನನ್ನು ಕೊಲ್ತಾರೆ."

"ನಾನು ಫೋನ್ ಮಾಡುವ ತನಕ ಉಳಿ ಮುಟ್ಟಬೇಡ."

ರಸ್ತೆಗೆ ಬಂದು, ಚರಳುಕಲ್ಲಿನ ರಾಶಿಯ ಪಕ್ಕ ನಿಂತು ಅಬೂಬಕ್ಕರನ ಅಂಗಡಿಗೆ ಫೋನ್ ಮಾಡಿದ. ನಂಬರು ಸಭೆಯ ಹಾಜರಿ ಪುಸ್ತಕದಿಂದ ಅಂದೇ ಬರೆದುಕೊಂಡಿದ್ದ, ಯಾಕೆ ಬರೆದುಕೊಂಡೆ ಎಂದು ಗೊತ್ತಿರಲಿಲ್ಲ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದವನಿಗೆ ಬಾಯಿಗೆ ಬಂದದ್ದು ಬೇರೆ. "ಅಬೂಬಕ್ಕರ್, ಒಂದು ದಾಖಲೆ ಸಿಕ್ಕಿದೆ."

ಆ ಕಡೆ ಯಾರೋ ಹಗ್ಗದ ದಪ್ಪ ಕೇಳುತ್ತಿದ್ದರು. "ಹನ್ನೆರಡು ಎಂಎಂ ಅಲ್ಲುಂಟು ನೋಡಿ... ಹೇಳಿ ಸರ್. ಎಂಥ ದಾಖಲೆ?"

"ನನ್ನ ಮಾವ ಹೇಳಿ ಬರೆಸಿದ್ದು. ನಿನ್ನ ಅಜ್ಜನ ಹೆಸರು ಉಂಟು."

"ಫೋನಿನಲ್ಲಿ ಬೇಡ ಸರ್" ಎಂದ ಅಬೂಬಕ್ಕರ್. "ಉಮ್ಮನ ಹತ್ತಿರ ಹೇಳಬೇಕು ಅದನ್ನು. ನೀವೇ ಬನ್ನಿ. ನಾನು ಅಂಗಡಿ ಮುಚ್ಚಿ ಮನೆಗೆ ಹೋಗ್ತೇನೆ."

ಕೈಕಂಬದಲ್ಲಿ ಇಳಿದು ಪೊಳಲಿಯ ದಾರಿಯ ಬಸ್ಸು ಹಿಡಿದ. ನಿಂತೇ ಹೋಗಬೇಕಾಯಿತು. ಶಾಲೆಯ ಮಗುವೊಂದು ಅಜ್ಜ ಕೂತುಕೊಳ್ಳಿ ಎಂದರೂ ಬೇಡವೆಂದ. ಕೂತರೆ ಎದ್ದುಬಿಡುತ್ತೇನೆ, ಮುಂದಿನ ನಿಲ್ದಾಣದಲ್ಲಿ ಇಳಿದು ಮೂಡುಬಿದಿರೆಯ ಬಸ್ಸು ಹತ್ತಿಬಿಡುತ್ತೇನೆ ಎಂಬ ಭಯ. ಏನು ಹೇಳುವುದು? ಮಾವ ಹೇಳಿದ್ದರು, ನಾನು ಬರೆದೆ, ಆಮೇಲೆ ಹೊಡೆದುಹಾಕಲಾಯಿತು. ಹೊಡೆದುಹಾಕಲಾಯಿತು ಎಂದರೆ ಸಾಕಲ್ಲ, ಯಾರು ಎಂದು ಅವರು ಕೇಳಲಾರರು. ಎಂಬತ್ತೆಂಟರ ಮುದುಕಿಗೆ ಓದಲು ಬರುತ್ತದೆಯೋ ಇಲ್ಲವೋ. ಅಬೂಬಕ್ಕರ್‌ಗೆ ಮಾತ್ರ ಈ ಕೈಬರಹ ಗೊತ್ತು, ಎರಡು ವರ್ಷ ಅವನು ಕರಿಹಲಗೆಯ ಮೇಲೆ ಅದನ್ನೇ ನೋಡಿದ್ದಾನೆ. ಮಾವನೇ ಹೊಡೆಸಿದರು ಎಂದರೆ? ಸತ್ತವರು ಬಂದು ಇಲ್ಲ ಎನ್ನುವುದಿಲ್ಲ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಅದು ಬೆಳಿಗ್ಗೆಯಿಂದ ಚೀಲದೊಳಗೆ ಹಾಳೆಯ ಜೊತೆಗೇ ಮಡಚಿಕೊಂಡು ಕೂತಿತ್ತು ಎಂದು ಅವನಿಗೆ ಗೊತ್ತಾಯಿತು.

ಅಬೂಬಕ್ಕರನ ಮನೆ ಪಾಣೆಮಂಗಳೂರಿನ ಪೇಟೆಯ ಹಿಂದೆ, ನದಿಗೆ ಇಳಿಯುವ ಓಣಿಯಲ್ಲಿ. ಹಂಚಿನ ಮನೆ, ಮುಂದೆ ಸಿಮೆಂಟಿನ ಜಗಲಿ. ಅವನ ಉಮ್ಮ ಮೈಮೂನಮ್ಮ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮೇಲಕ್ಕಿಟ್ಟು ಕೂತಿದ್ದರು. ತಲೆಯ ಮೇಲಿನ ಬಿಳಿ ಬಟ್ಟೆ ಎಳೆದುಕೊಂಡು, "ಬನ್ನಿ, ಅಣ್ಣುವಿನ ಅಳಿಯ ಅಲ್ಲವಾ ನೀವು? ಮೂಗು ಹಾಗೇ ಉಂಟು" ಎಂದು ತುಳುವಿನಲ್ಲಿ ಹೇಳಿದರು. ಅಬೂಬಕ್ಕರನ ಹೆಂಡತಿ ಸಬೀಹಾ ಲಿಂಬೆ ಶರಬತ್ತು ತಂದಿಟ್ಟಳು. ಧರ್ಣಪ್ಪ ಲೋಟ ಮುಟ್ಟಲಿಲ್ಲ. ಮೊದಲು ಕವರಿನಿಂದ ಹಾಳೆ ತೆಗೆದ. ಎಷ್ಟು ಹಗುರ ಇದೆ ಎನಿಸಿತು. ಕನ್ನಡ ವಾಕ್ಯಗಳನ್ನು ಓದಿ, ಒಂದೊಂದನ್ನೂ ತುಳುವಿನಲ್ಲಿ ಹೇಳಿದ.

"ತಂತಿ ಕಡಿದ ಮೇಲೆ ಹತ್ತೊಂಬತ್ತು ದಿನ ನನ್ನನ್ನು ನದಿಯ ನಡುವಿನ ಕುದ್ರುವಿನಲ್ಲಿ ಅಡಗಿಸಿಟ್ಟು ದಿನವೂ ಗಂಜಿ ತಂದುಕೊಟ್ಟವರು ದೋಣಿಯ ಇಬ್ರಾಹಿಂ. ಪೋಲೀಸರು ಮೂರು ದಿನ ಹೊಡೆದರೂ ಅವರು ನಾನಿದ್ದ ಜಾಗ ಹೇಳಲಿಲ್ಲ. ಅವರ ದೋಣಿಯನ್ನು ಒಡೆದುಹಾಕಿದ ಸುದ್ದಿ ಕೇಳಿ ನಾನೇ ಠಾಣೆಗೆ ಹೋದೆ."

ಮೈಮೂನಮ್ಮ ಕೈ ಚಾಚಿದರು. ಹಾಳೆಯನ್ನು ಮಡಿಲಲ್ಲಿ ಹರಡಿ, ಓದಲು ಬಾರದವರು ಅಕ್ಷರವನ್ನು ನೋಡುವಂತೆ ಒಟ್ಟಾಗಿ ಅದನ್ನು ನೋಡಿದರು. ಆಮೇಲೆ ಅವರ ತೋರುಬೆರಳು ಗೀಟಿನ ಮೇಲೆ ಬಂದು ನಿಂತಿತು. "ಇದು ಎಂಥ ಗೆರೆ?"

ಅಬೂಬಕ್ಕರ್ ಗೋಡೆಗೆ ಒರಗಿ ನಿಂತಿದ್ದ. ಅವನು ಹಾಳೆಯನ್ನಲ್ಲ, ಧರ್ಣಪ್ಪನ ಮುಖವನ್ನು ನೋಡುತ್ತಿದ್ದ.

"ಗೆರೆ ನಾನು ಎಳೆದದ್ದು" ಎಂದ ಧರ್ಣಪ್ಪ. "ಮಾವ ಹೇಳಿದರು. ನಾನು ಅರ್ಜಿಗೆ ಇಳಿಸಲಿಲ್ಲ. ಜಾಗ ಸಾಲುವುದಿಲ್ಲ ಅಂತ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಎಲ್ಲ ಉಂಟಾ ಅಂತ ಕೇಳಿದರು. ಉಂಟು ಅಂದೆ." ಖಾಲಿ ಪ್ಲಾಸ್ಟಿಕ್ ಕವರನ್ನು ಮಡಚಿದ. "ಸಭೆಯಲ್ಲಿ ಇವನ ಹತ್ತಿರ ದಾಖಲೆ ಕೇಳಿದಾಗಲೂ ಇದು ನನ್ನ ಮನೆಯಲ್ಲಿತ್ತು."

"ಅದು ನನಗೆ ಗೊತ್ತಿರಲಿಲ್ಲ" ಎಂದ ಅಬೂಬಕ್ಕರ್. ದನಿ ಏರಲಿಲ್ಲ. "ಕಾಗದ ಉಂಟು ಅಂತ ಗೊತ್ತಿರಲಿಲ್ಲ. ನಿಮಗೆ ವಿಷಯ ಗೊತ್ತುಂಟು ಅಂತ ಮಾತ್ರ ಗೊತ್ತಿತ್ತು. ನೀವು ಹೇಳ್ತೀರಾ ಇಲ್ವಾ ಅಂತ ನೋಡ್ಲಿಕ್ಕೆ ಬಂದದ್ದು ಸರ್ ನಾನು ಅವತ್ತು."

ಮೈಮೂನಮ್ಮ ಮಗನ ಮಾತಿಗೆ ಕಿವಿಗೊಟ್ಟಂತೆ ಕಾಣಲಿಲ್ಲ. "ಹಾಗಾದರೆ ಅಣ್ಣು ಹೇಳಿದ್ದು ಸುಳ್ಳಲ್ಲ" ಎಂದರು. ಇನ್ನೊಮ್ಮೆ, ತಮಗೇ ಹೇಳಿಕೊಳ್ಳುವಂತೆ, "ಅವರು ಹೇಳಿದ್ದು ಸುಳ್ಳಲ್ಲ." ಆಮೇಲೆ ನಿಧಾನವಾಗಿ ವಿಷಯ ಬಂತು. ಅರ್ಜಿ ಹೋದ ವಾರವೇ ಅಣ್ಣು ಕೋಲೂರಿಕೊಂಡು ಇದೇ ಜಗಲಿಗೆ ಬಂದಿದ್ದರಂತೆ. ನಿನ್ನ ಹೆಸರೂ ಬರೆಸಿದ್ದೇನೆ ಇಬ್ರಾಹಿಂ, ಸರಕಾರದಿಂದ ನಿನಗೂ ಕಾಗದ ಬರುತ್ತದೆ ಎಂದು ಕಿವಿಯ ಹತ್ತಿರ ಕೂಗಿ ಹೇಳಿದ್ದರಂತೆ, ಓಣಿಗೆಲ್ಲ ಕೇಳುವ ಹಾಗೆ. "ನನ್ನ ಬಾಪ ಅವತ್ತಿನಿಂದ ಪೋಸ್ಟಿನವನನ್ನು ಕಾಯ್ಲಿಕ್ಕೆ ಶುರು ಮಾಡಿದರು. ದಿನಾ ಒಂದು ಗಂಟೆಗೆ ಅಲ್ಲಿ, ಆ ಮೆಟ್ಟಿಲಲ್ಲಿ. ಅಣ್ಣುವಿಗೆ ತಾಮ್ರದ ಹಲಗೆ ಬಂತು. ಇವರಿಗೆ ಬರಲಿಲ್ಲ. ನಾವು ಹೇಳಿದೆವು, ಬಿಡಿ ಬಾಪ, ದೊಡ್ಡ ಮನೆಯವರು ಬಾಯಿಗೆ ಬಂದದ್ದು ಹೇಳ್ತಾರೆ, ಅವರ ಕೆಲಸ ಆಯ್ತು. ನನ್ನ ಗಂಡ ಅಂತೂ ನಗುವುದು, ಮಾವನಿಗೆ ದಿಲ್ಲಿಯಿಂದ ಕಾಗದ ಬಂತಾ ಅಂತ. ಬಾಪ ಮಾತ್ರ, ಅಣ್ಣು ಸುಳ್ಳು ಹೇಳುವ ಜನ ಅಲ್ಲ, ಪೋಸ್ಟಿನವನೇ ಎಲ್ಲಿಯೋ ಬೀಳಿಸಿದ್ದಾನೆ ಅಂತ. ಐದು ವರ್ಷ. ಸಾಯುವ ಹಿಂದಿನ ದಿನವೂ ನನ್ನನ್ನು ಕಳಿಸಿದರು, ಬಂತಾ ನೋಡು ಅಂತ. ನನಗೆ ಸಿಟ್ಟು ಬಂದಿತ್ತು. ಹೋಗಲಿಲ್ಲ ನಾನು. ಹೋಗಿ ಬಂದೆ, ಬಂದಿಲ್ಲ ಅಂತ ಸುಳ್ಳು ಹೇಳಿಬಿಟ್ಟೆ."

ಫೋನ್ ಹೊಡೆಯಿತು. ಧರ್ಣಪ್ಪನ ಹಳೆಯ ಫೋನಿನಲ್ಲಿ ಆ ಕಡೆಯವರ ಮಾತು ಪಕ್ಕದವರಿಗೂ ಕೇಳುತ್ತದೆ.

"ಪ್ರೊಫೆಸರೇ, ಎಂಥ ಇದು?" ಧನರಾಜ್. "ಉಳಿ ಮುಟ್ಟಬಾರದು ಅಂತ ಹೇಳಿದ್ದೀರಂತೆ? ಏಳು ದಿನ ಇಲ್ಲ ಮಾರಾಯ್ರೇ, ಶಾಮಿಯಾನದವನಿಗೆ ಹೇಳಿ ಆಗಿದೆ."

"ಒಂದು ಹೆಸರು ಬಿಟ್ಟುಹೋಗಿದೆ. ಇಬ್ರಾಹಿಂ ಅವರದು. ದಾಖಲೆ ಉಂಟು."

"ಎಲ್ಲಿತ್ತು ಇಷ್ಟು ದಿನ?"

"ನನ್ನ ಹತ್ತಿರ."

ಧನರಾಜ್ ದನಿ ತಗ್ಗಿಸಿದ. "ಹೇಳ್ತೇನೆ ಕೇಳಿ. ಈಗ ಅದನ್ನು ತೆಗೆದರೆ ನಿಮ್ಮ ಮರ್ಯಾದೆ ಏನಾಗ್ತದೆ? ಆ ಕಾಗದ ಅಲ್ಲೇ ಇರಲಿ. ಮುಂದಿನ ವರ್ಷ ಪಕ್ಕದಲ್ಲಿ ಒಂದು ಸಣ್ಣ ಕಲ್ಲು ಇಡುವ. ಅವರಿಗೂ ಖುಷಿ, ನಮಗೂ ತಲೆಬಿಸಿ ಇಲ್ಲ."

"ನಾನು ಅವರ ಜಗಲಿಯ ಮೇಲೆ ಕೂತಿದ್ದೇನೆ. ಅವರಿಗೆ ಕೇಳಿಸುತ್ತಾ ಉಂಟು."

"ಛೆ! ಮೊದಲೇ ಹೇಳಬಾರದಾ ಮಾರಾಯ್ರೇ!"

ಸಬೀಹಾ ಒಳಗೆ ಹೋಗಿ ಸೆರಗಿನಲ್ಲಿ ನಗೆ ಮುಚ್ಚಿಕೊಂಡಳು. ಧರ್ಣಪ್ಪ ಹೇಳಿದ: ಹದಿನಾಲ್ಕು ಹೆಸರು, ಒಂದೇ ಅಳತೆ, ಅಂಚಿನ ಒಳಗೆ. ಕೆಳಗಿನ ಸಾಲು ಬೇಡ. ಆಗುವುದಿಲ್ಲವೆಂದರೆ ಇಪ್ಪತ್ತಾರರಂದು ಮೈಕಿನ ಮುಂದೆ ನಿಂತು ಈ ಹಾಳೆಯನ್ನು ತಾನೇ ಓದುತ್ತೇನೆ, ಗೆರೆ ಎಳೆದವರ ಹೆಸರು ಸಹಿತ. ಧನರಾಜ್ ಕೆಮ್ಮಿ, ಗೊಣಗಿ, ಕೊನೆಗೆ, "ಸಂದೇಶನಿಗೆ ಅಳಿಸ್ಲಿಕ್ಕೆ ಹೇಳ್ತೇನೆ. ಎರಡು ದಿನದಲ್ಲಿ ಆಗದಿದ್ದರೆ ನೀವೇ ಉಳಿ ಹಿಡಿಯಬೇಕು" ಎಂದು ಫೋನ್ ಇಟ್ಟ. ಬೆಳಿಗ್ಗೆಯಿಂದ ಮೊದಲ ಸಲ ಧರ್ಣಪ್ಪನ ಬೆನ್ನು ನೇರವಾಗಿತ್ತು. ಏನೋ ಗೆದ್ದಂತೆ ಶರಬತ್ತಿನ ಲೋಟಕ್ಕೆ ಕೈ ಹಾಕಿದ.

"ಫೋನು ಮುಗೀತಾ?" ಎಂದರು ಮೈಮೂನಮ್ಮ. ಅವರ ಕಣ್ಣು ಒಣಗಿಯೇ ಇತ್ತು. "ಕಲ್ಲಿನಲ್ಲಿ ಹೆಸರು ಬರೆಸಿ. ಒಳ್ಳೆಯದು. ಅದು ಊರಿಗೆ. ನನಗೆ ಓದಲಿಕ್ಕೆ ಬರುವುದಿಲ್ಲ."

"ನಾನು ಏನು ಮಾಡಬೇಕು ಹೇಳಿ" ಎಂದ ಧರ್ಣಪ್ಪ.

ಅವರು ಹಾಳೆಯನ್ನು ಬಂದ ಮಡಿಕೆಗಳಲ್ಲೇ ಮಡಚಿ, ಅವನಿಗೆ ಕೊಡದೆ, ಕುಪ್ಪಸದೊಳಗೆ ಇಟ್ಟುಕೊಂಡರು. ಒಳಗೆ ಇಣುಕಿ ಗೋಡೆಯ ಗಡಿಯಾರ ನೋಡಿ, "ಹನ್ನೆರಡೂವರೆ ಆಯ್ತು" ಎಂದರು. "ಪೋಸ್ಟಿನವರು ಈಗಲೂ ಒಂದು ಗಂಟೆಗೇ ಬರುವುದು. ಆ ಮೆಟ್ಟಿಲಲ್ಲಿ ಹೋಗಿ ಕೂತುಕೊಳ್ಳಿ. ಬಂದು ಹೋದ ಮೇಲೆ ಒಳಗೆ ಬಂದು ಊಟ ಮಾಡಿ. ಮೀನು ಬೇಡವಾದರೆ ಮೊಟ್ಟೆ ಮಾಡ್ತಾಳೆ ಇವಳು."

ಅಬೂಬಕ್ಕರ್, "ಉಮ್ಮ, ಬಿಸಿಲು ಉಂಟು" ಎಂದ. ಅವರು ಮೆಟ್ಟಿಲಿನ ಕಡೆ ಕೈ ತೋರಿಸಿದರು.

ಮೆಟ್ಟಿಲು ಕಾದಿತ್ತು. ಧರ್ಣಪ್ಪ ಮೊದಲು ಪಂಚೆಯನ್ನು ಮಡಚಿ ಕೆಳಗೆ ಹಾಕಿಕೊಂಡ, ಆಮೇಲೆ ಬೆವರಿ ಬಿಡಿಸಿದ. ಓಣಿಯಲ್ಲಿ ಹೋಗುವವರು ನೋಡಿದರು. ಒಬ್ಬ ಹೆಂಗಸು ಯಾರು ಬೇಕಿತ್ತು ಎಂದು ಕೇಳಿದಳು, ಯಾರೂ ಬೇಡ ಎಂದ, ಅವಳು ನಂಬದೆ ಎರಡು ಸಲ ತಿರುಗಿ ನೋಡುತ್ತ ಹೋದಳು. ಎದುರು ಮನೆಯ ಬೆಕ್ಕು ಗೋಡೆಯ ನೆರಳಿನ ತೆಳು ಪಟ್ಟಿಯಲ್ಲಿ ಉದ್ದಕ್ಕೆ ಮಲಗಿತ್ತು. ಅವನಿಗೆ ಅಲ್ಲಿ ಕೂತಿರುವುದು ಮೂರ್ಖತನ ಎನಿಸಿತು, ಇದರಿಂದ ಯಾರಿಗೆ ಏನಾಗುತ್ತದೆ ಎನಿಸಿತು, ಪ್ರಫುಲ್ಲಾ ಈಗ ಬೆಳ್ತಂಗಡಿಗೆ ಉಡಲು ಸೀರೆ ತೆಗೆದಿಟ್ಟಿರಬಹುದು ಎನಿಸಿತು. ಐದು ವರ್ಷಕ್ಕೆ ಭಾನುವಾರ ಕಳೆದರೆ ಎಷ್ಟು ದಿನ ಎಂದು ಲೆಕ್ಕ ಹಾಕಲು ಹೊರಟವನು ಸಾವಿರದ ಐನೂರರ ಹತ್ತಿರ ಬಂದು, ಹಬ್ಬದ ರಜೆಗಳನ್ನು ಕಳೆಯಬೇಕೋ ಬೇಡವೋ ಎಂದು ತಿಳಿಯದೆ ನಿಲ್ಲಿಸಿದ. ಹಬ್ಬದ ರಜೆಗಳಲ್ಲೂ ಅವರು ಬಂದು ಕೂತಿರುತ್ತಿದ್ದರೋ ಏನೋ. ಒಂದು ಕಿವಿ ಕೇಳಿಸದವರಿಗೆ ಸೈಕಲ್ಲಿನ ಗಂಟೆ ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಹಾಗಾದರೆ ಅವರು ಓಣಿಯ ತಿರುವನ್ನು ನೋಡುತ್ತಲೇ ಇರಬೇಕಾಗಿತ್ತು, ಕಣ್ಣು ತೆಗೆಯದೆ. ಧರ್ಣಪ್ಪ ತಿರುವಿನ ಕಡೆ ನೋಡಿದ.

ಒಂದು ಗಂಟೆ ದಾಟಿದ ಮೇಲೆ ತಿರುವಿನಲ್ಲಿ ಸ್ಕೂಟರ್ ಕಾಣಿಸಿತು. ಪೋಸ್ಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯಿರಬೇಕು, ಹೆಲ್ಮೆಟಿನ ಕೆಳಗೆ ಜಡೆ, ಮುಂದೆ ಕಾಲಿನ ಹತ್ತಿರ ಖಾಕಿ ಚೀಲ. ಅವಳು ಎರಡು ಮನೆ ಆಚೆ ನಿಲ್ಲಿಸಿ ಏನೋ ಕೊಟ್ಟು, ಚೀಲದೊಳಗೆ ಬಗ್ಗಿ ನೋಡಿ, ಮತ್ತೆ ಹೊರಟಳು. ಹತ್ತಿರ ಬಂದಾಗ ಮೆಟ್ಟಿಲಿನ ಕಡೆ ಒಮ್ಮೆ ನೋಡಿ, ಇಲ್ಲ ಎಂದು ತಲೆ ಆಡಿಸಿ, ವೇಗ ತಗ್ಗಿಸದೆ ನದಿಯ ಕಡೆಗೆ ಇಳಿದುಹೋದಳು. ಸ್ಕೂಟರಿನ ಶಬ್ದ ನಿಂತ ಮೇಲೆ ಧರ್ಣಪ್ಪನಿಗೆ ತಾನು ಎದ್ದು ನಿಂತಿದ್ದೇನೆ, ಎರಡೂ ಕೈ ಮುಂದೆ ಚಾಚಿದ್ದೇನೆ ಎಂದು ಗೊತ್ತಾಯಿತು.